ಮಾನ್ಯತೆ ಇಲ್ಲದ ಲಾ ಕಾಲೇಜು: ಅಕ್ಕನ ಮಗಳಿಗೆ ಹೇಳಿದ್ದು

ಹೋದ ತಿಂಗಳು ಅಕ್ಕನ ಮಗಳು ಫೋನ್ ಮಾಡಿದ್ದಳು. ಅವಳಿರುವುದು ಕ್ಯಾಲಿಫೋರ್ನಿಯಾದಲ್ಲಿ. ಎಂಟು ವರ್ಷದಿಂದ ಒಂದೇ ಕಂಪನಿಯಲ್ಲಿ ಕೆಲಸ, ಅದರಲ್ಲೂ ಹೊರದೇಶದಿಂದ ಬಂದ ನೌಕರರ ವೀಸಾ, ಗ್ರೀನ್ ಕಾರ್ಡ್ ಕಾಗದಪತ್ರ ನೋಡಿಕೊಳ್ಳುವ ವಿಭಾಗ. ದಿನಾ ವಕೀಲರಿಗೆ ಫೈಲು ಕಳಿಸಿ ಕಳಿಸಿ ಈಗ ಅವಳಿಗೆ ತಾನೇ ವಕೀಲೆ ಆಗಬೇಕು ಅನ್ನಿಸಿದೆ. ಒಳ್ಳೆಯ ಆಸೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ವೃತ್ತಿಯಲ್ಲಿರುವುದರಿಂದ ಇಂಥ ವಿಷಯಕ್ಕೆ ಮನೆಯವರೆಲ್ಲ ನನಗೇ ಫೋನ್ ಮಾಡುತ್ತಾರೆ.

"ಚಿಕ್ಕಮ್ಮ, ಒಂದು ಲಾ ಸ್ಕೂಲ್ ನೋಡಿದ್ದೀನಿ. ಸಂಜೆ ಕ್ಲಾಸು, ಪೂರ್ತಿ ಆನ್‌ಲೈನ್. ಕೆಲಸ ಬಿಡೋದು ಬೇಡ. ಫೀಸೂ ಬೇರೆ ಕಡೆಗಿಂತ ತುಂಬಾ ಕಡಿಮೆ. ಆದರೆ ಎಬಿಎ ಮಾನ್ಯತೆ ಇಲ್ಲವಂತೆ. ಪರವಾಗಿಲ್ಲ ಅಲ್ವಾ? ಹೇಗೂ ಕೊನೆಗೆ ಬಾರ್ ಎಕ್ಸಾಮ್ ಬರೀಲೇಬೇಕು. ಅದು ಪಾಸಾದರೆ ಎಲ್ಲಿ ಓದಿದೆ ಅಂತ ಯಾರು ಕೇಳ್ತಾರೆ?"

ನಾನು ಉತ್ತರ ಹೇಳಲಿಲ್ಲ. ತಿರುಗಿ ಕೇಳಿದೆ: "ನೀನು ಯಾವ ಊರಿನ ಕೋರ್ಟಿನಲ್ಲಿ ನಿಲ್ಲಬೇಕು ಅಂತಿದ್ದೀಯ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಿಧಾನಕ್ಕೆ ಹೇಳಿದಳು, ಗಂಡನಿಗೆ ಎರಡು ವರ್ಷದಲ್ಲಿ ವಾಷಿಂಗ್ಟನ್ ಡಿಸಿ ಕಡೆಗೆ ವರ್ಗ ಆಗಬಹುದು, ಆದರೆ ಮನೆ ಬಹುಶಃ ಪಕ್ಕದ ವರ್ಜೀನಿಯಾದಲ್ಲಿ ಮಾಡುತ್ತಾರೆ, ಇನ್ನೂ ಏನೂ ಗಟ್ಟಿಯಿಲ್ಲ, ಅಂತ. ಸರಿ, ಹಾಗಾದರೆ ಈ ವಿಷಯ ಕೂತು ಮಾತಾಡಲೇಬೇಕು ಅಂದೆ. ಅವತ್ತು ಶುರುವಾದ ಮಾತು ನಾಲ್ಕು ಭಾನುವಾರ ನಡೆಯಿತು. ಇಂಥದ್ದೇ ಪ್ರಶ್ನೆ ಇಟ್ಟುಕೊಂಡವರು ಬೇರೆಯವರೂ ಇರುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವಳ ಕೊನೆಯ ಮಾತನ್ನೇ ತೆಗೆದುಕೊಳ್ಳುತ್ತೇನೆ. ಬಾರ್ ಎಕ್ಸಾಮ್, ಅಂದರೆ ವಕೀಲಿಕೆಯ ಲೈಸೆನ್ಸಿಗೆ ಬರೆಯುವ ಪರೀಕ್ಷೆ, ಪಾಸಾದರೆ ಸಾಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ತಪ್ಪಿರುವುದು ಅಲ್ಲೇ. ಪರೀಕ್ಷೆ ಪಾಸಾಗುವ ಮಾತು ಆಮೇಲೆ, ಪರೀಕ್ಷೆಗೆ ಕೂರಲು ಬಿಡುತ್ತಾರಾ ಎಂಬುದು ಮೊದಲು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಪರೀಕ್ಷೆಯ ಅರ್ಜಿ ಹಾಕುವಾಗಲೇ ನೀನು ಎಲ್ಲಿ ಓದಿದ್ದೀಯ, ಆ ಕಾಲೇಜಿಗೆ ಎಬಿಎ, ಅಂದರೆ ಅಮೆರಿಕನ್ ಬಾರ್ ಅಸೋಸಿಯೇಷನ್, ಒಪ್ಪಿಗೆ ಇದೆಯಾ ಅಂತ ನೋಡುತ್ತಾರೆ. ಇಲ್ಲದಿದ್ದರೆ ನೀನು ಎಷ್ಟೇ ಚೆನ್ನಾಗಿ ಓದಿದ್ದರೂ ಪ್ರಶ್ನೆಪತ್ರಿಕೆ ನಿನ್ನ ಕೈಗೆ ಬರುವುದಿಲ್ಲ.

ಅಲ್ಲಿ ವಕೀಲಿಕೆಗೆ ದೇಶಕ್ಕೆಲ್ಲ ಒಂದೇ ಲೈಸೆನ್ಸ್ ಅಂತ ಇಲ್ಲ. ಪ್ರತಿ ರಾಜ್ಯದ್ದೂ ಬೇರೆ. ಯಾರನ್ನು ವಕೀಲರನ್ನಾಗಿ ಸೇರಿಸಿಕೊಳ್ಳಬೇಕು ಅಂತ ಹೇಳುವುದು ಆ ರಾಜ್ಯದ ಅತಿ ದೊಡ್ಡ ಕೋರ್ಟು. ಎಬಿಎ ಸರ್ಕಾರಿ ಇಲಾಖೆಯಲ್ಲ, 1878ರಲ್ಲಿ ವಕೀಲರೇ ಕಟ್ಟಿಕೊಂಡ ಸಂಘ. ಆದರೆ ಪ್ರತಿ ರಾಜ್ಯದ ಕೋರ್ಟೂ ಊರೂರು ಸುತ್ತಿ ಕಾಲೇಜುಗಳನ್ನು ತಪಾಸಣೆ ಮಾಡಲು ಆಗುತ್ತದಾ? ಹಾಗಾಗಿ ಆ ಕೆಲಸವನ್ನು ಎಬಿಎಗೆ ಬಿಟ್ಟು, ಅದು ಒಪ್ಪಿದ ಕಾಲೇಜಿನವರನ್ನು ನಾವೂ ಒಪ್ಪುತ್ತೇವೆ ಅಂತ ರೂಲ್ ಮಾಡಿಕೊಂಡರು. 1923ರಿಂದ ಎಬಿಎ ಹೀಗೆ ಒಪ್ಪಿದ ಕಾಲೇಜುಗಳ ಪಟ್ಟಿ ಇಡುತ್ತಾ ಬಂದಿದೆ. ಈಗ ಆ ಪಟ್ಟಿಯಲ್ಲಿ ಹತ್ತಿರ ಹತ್ತಿರ 200 ಕಾಲೇಜುಗಳಿವೆ.

ಕ್ಯಾಲಿಫೋರ್ನಿಯಾದ ದಾರಿ ಮಾತ್ರ ಬೇರೆ. ಅಲ್ಲಿ ಮೂರು ಥರದ ಕಾಲೇಜುಗಳಿವೆ. ಎಬಿಎ ಒಪ್ಪಿದವು ಒಂದು. ಎಬಿಎ ಒಪ್ಪದೇ ಇದ್ದರೂ ಕ್ಯಾಲಿಫೋರ್ನಿಯಾ ಸ್ಟೇಟ್ ಬಾರ್, ಅಂದರೆ ಅಲ್ಲಿನ ವಕೀಲರನ್ನು ನೋಡಿಕೊಳ್ಳುವ ರಾಜ್ಯದ ಸಂಸ್ಥೆ, ತಾನೇ ಮಾನ್ಯತೆ ಕೊಟ್ಟವು ಇನ್ನೊಂದು. ಮೂರನೆಯದು, ಸ್ಟೇಟ್ ಬಾರ್‌ನಲ್ಲಿ ನೋಂದಣಿ ಆಗಿವೆ ಅಷ್ಟೇ, ಯಾರ ಮಾನ್ಯತೆಯೂ ಇಲ್ಲ. ಮೂರರಲ್ಲಿ ಯಾವುದರಲ್ಲಿ ಓದಿದರೂ ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆಯವರೆಗೆ ಹೋಗಬಹುದು. ಇಷ್ಟೇ ಕೇಳಿದರೆ ಅಕ್ಕನ ಮಗಳು ಹೇಳಿದ್ದೇ ಸರಿ ಅನ್ನಿಸುತ್ತದೆ.

ಆದರೆ ಮೂರನೇ ಥರದ ಕಾಲೇಜಿಗೆ ಸೇರಿದವರು ಮೊದಲ ವರ್ಷ ಮುಗಿದ ಮೇಲೆ ಒಂದು ಪರೀಕ್ಷೆ ಬರೆಯಬೇಕು. ಅಲ್ಲಿಯವರು ಅದನ್ನು ಬೇಬಿ ಬಾರ್ ಅಂತ ಕರೆಯುತ್ತಾರೆ. ಹೆಸರು ಕೇಳಿದರೆ ಚಿಕ್ಕದು ಅನ್ನಿಸುತ್ತದೆ. ಚಿಕ್ಕದಲ್ಲ. ಕರಾರು, ಅಪರಾಧ, ಟಾರ್ಟ್ (ಒಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಈ ಮೂರು ವಿಷಯ, ನಾಲ್ಕು ಪ್ರಬಂಧ, 100 ಬಹುಆಯ್ಕೆ ಪ್ರಶ್ನೆ, ಎಲ್ಲ ಒಂದೇ ದಿನ. ಕೂರಲು ಅರ್ಹತೆ ಬಂದ ಮೇಲೆ ಮೊದಲ ಮೂರು ಸಲದೊಳಗೆ ಪಾಸಾಗದಿದ್ದರೆ, ಆಮೇಲೆ ಪಾಸಾದರೂ ಮೊದಲ ವರ್ಷದ ಓದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದರ ನಂತರ ಓದಿದ್ದೆಲ್ಲ ಹೋಯಿತು. ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಶಿಯನ್ ಕಾಲೇಜಿಗೆ ಹೋಗದೆ ವಕೀಲರ ಕೈಕೆಳಗೆ ಓದುವ ದಾರಿ ಹಿಡಿದಿದ್ದರಿಂದ ಇದೇ ಪರೀಕ್ಷೆ ಬರೆಯಬೇಕಾಯಿತು, ನಾಲ್ಕನೇ ಸಲ, 2021ರಲ್ಲಿ ಪಾಸಾದರು. ಬೇಕಾದಷ್ಟು ಸಮಯ, ಮನೆಗೇ ಬಂದು ಹೇಳಿಕೊಡುವವರು, ಎಲ್ಲ ಇದ್ದವರಿಗೇ ನಾಲ್ಕು ಸಲ ಬೇಕಾಯಿತು. ಇದನ್ನು ನಾನು ಅಕ್ಕನ ಮಗಳನ್ನು ಹೆದರಿಸಲು ಹೇಳಲಿಲ್ಲ. ದಿನಕ್ಕೆ ಒಂಬತ್ತು ತಾಸು ಕೆಲಸ, ಮನೆಯಲ್ಲಿ ಮೂರು ವರ್ಷದ ಮಗು, ರಾತ್ರಿ ಹತ್ತಕ್ಕೆ ಪುಸ್ತಕ ತೆರೆಯುವ ಹುಡುಗಿ ಅವಳು. ಆ ಮೊದಲ ವರ್ಷ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿರಬೇಕು.

ಎರಡನೇ ಭಾನುವಾರ ಅವಳು ನೋಡಿದ ಕಾಲೇಜಿನ ಕಾಗದವನ್ನೇ ನನಗೆ ಕಳಿಸಿದಳು. ಆ ಕಾಲೇಜು ಮೂರನೇ ಥರದ್ದು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಇಂಥ ಕಾಲೇಜು ಪ್ರವೇಶದ ಹಣ ಕಟ್ಟಿಸಿಕೊಳ್ಳುವ ಮೊದಲೇ ಪ್ರತಿ ವಿದ್ಯಾರ್ಥಿಗೂ ಒಂದು ಹೇಳಿಕೆ ಕೊಡಬೇಕು, ವಿದ್ಯಾರ್ಥಿ ಅದಕ್ಕೆ ಸಹಿ ಹಾಕಬೇಕು. ನಾವಿಬ್ಬರೂ ಅದನ್ನು ಸಾಲು ಸಾಲಾಗಿ ಓದಿದೆವು. ಕಾಲೇಜಿಗೆ ಮಾನ್ಯತೆ ಇಲ್ಲ ಅಂತ ಮೊದಲೇ ಬರೆದಿದ್ದರು. ಪಾಠ ಮಾಡುವವರ ಅರ್ಹತೆ ಏನು, ಎಷ್ಟು ವಿದ್ಯಾರ್ಥಿಗಳಿಗೆ ಎಷ್ಟು ಜನ ಮೇಷ್ಟ್ರು, ಎಲ್ಲ ಇತ್ತು. ಅದಾದ ಮೇಲೆ ಒಂದು ಸಾಲು: ಇಲ್ಲಿನ ಓದು ಬೇರೆ ರಾಜ್ಯಗಳಲ್ಲಿ ವಕೀಲಿಕೆ ಮಾಡಲು ಸಾಲದೇ ಹೋಗಬಹುದು, ಆಯಾ ರಾಜ್ಯವನ್ನೇ ವಿಚಾರಿಸಿಕೊಳ್ಳಿ.

"ಇದನ್ನ ನಾನು ಓದಿದ್ದೆ ಚಿಕ್ಕಮ್ಮ. ಎಲ್ಲ ಕಡೆ ಹೀಗೇ ಏನೋ ಬರೆದಿರ್ತಾರೆ ಅಂತ ಮುಂದೆ ಹೋದೆ."

ಎಷ್ಟು ಜನ ಹೀಗೆ ಮುಂದೆ ಹೋಗಿರುತ್ತಾರೋ. ಕಾನೂನು ಅಷ್ಟು ಕಷ್ಟಪಟ್ಟು ವಿದ್ಯಾರ್ಥಿಯ ಕೈಗೆ ಕೊಟ್ಟ ಸಾಲು ಅದು. ಇದರಲ್ಲಿ ಆ ಕಾಲೇಜಿನ ತಪ್ಪಿಲ್ಲ, ಅವರು ನೇರವಾಗಿ ಹೇಳಿದ್ದಾರೆ. ಯಾವ ಕಾಲೇಜಿಗೇ ಆಗಲಿ ಸೇರುವ ಮುಂಚೆ ಇಂಥ ಕಾಗದ ಬಂದರೆ ದಯವಿಟ್ಟು ಎರಡು ಸಲ ಓದಿ.

ಈಗ ಅವಳ ಎರಡು ವರ್ಷದ ನಂತರದ ಊರಿನ ಲೆಕ್ಕಕ್ಕೆ ಬರುತ್ತೇನೆ. ಡಿಸಿ ಮತ್ತು ವರ್ಜೀನಿಯಾ ನಡುವೆ ಪೊಟೊಮ್ಯಾಕ್ ನದಿ ಇದೆ. ಸೇತುವೆ ದಾಟಿದರೆ ಆಯಿತು, ದಿನಾ ಸಾವಿರಾರು ಜನ ಈಚೆ ಮನೆ ಆಚೆ ಆಫೀಸು ಅಂತ ಓಡಾಡುತ್ತಾರೆ. ಆದರೆ ರೂಲು ಎರಡು ದಡಕ್ಕೆ ಎರಡು. ಎಬಿಎ ಒಪ್ಪದ ಕಾಲೇಜಿನಲ್ಲಿ ಓದಿದವರು ಡಿಸಿಯಲ್ಲಿ ಪರೀಕ್ಷೆ ಬರೆಯಬೇಕಾದರೆ ಎಬಿಎ ಒಪ್ಪಿದ ಕಾಲೇಜೊಂದರಲ್ಲಿ ಮತ್ತೆ 26 ಕ್ರೆಡಿಟ್ ಓದಬೇಕು. ಅಂದರೆ ಹತ್ತಿರ ಹತ್ತಿರ ಒಂದು ವರ್ಷದ ಓದು. ವರ್ಜೀನಿಯಾದಲ್ಲಿ ಪರೀಕ್ಷೆಗೆ ಕೂರಲು ಮಾನ್ಯತೆ ಇರುವ ಕಾಲೇಜಿನ ಪದವಿಯನ್ನೇ ಕೇಳುತ್ತಾರೆ. ಅದಿಲ್ಲದಿದ್ದರೆ ಒಬ್ಬ ವಕೀಲರ ಕೈಕೆಳಗೆ ಮೂರು ವರ್ಷ ಓದುವ ಹಳೇ ಪದ್ಧತಿ ಒಂದಿದೆ, ಅದನ್ನು ಮೊದಲಿನಿಂದ ಶುರು ಮಾಡಬೇಕು. ಕಡಿಮೆ ಫೀಸು ಅಂತ ಉಳಿಸಿದ ದುಡ್ಡು, ಅದಕ್ಕಿಂತ ಹೆಚ್ಚಾಗಿ ಉಳಿಸಿದ ಸಮಯ, ಸೇತುವೆಯ ಈಚೆ ಆಚೆಯಲ್ಲೇ ಮುಗಿದುಹೋಗುತ್ತದೆ.

ಆದರೆ ಅವಳ ವಿಷಯದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ವಲಸೆ ಕಾನೂನು ಅಮೆರಿಕದಲ್ಲಿ ಕೇಂದ್ರದ ವಿಷಯ. ವಲಸೆ ಇಲಾಖೆಯ ಮುಂದೆ, ವಲಸೆ ಕೋರ್ಟುಗಳ ಮುಂದೆ ನಿಲ್ಲಲು ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಸಾಕು. ಅಂದರೆ ಅವಳು ಬರೀ ವಲಸೆ ಕೇಸುಗಳನ್ನೇ ಮಾಡುವುದಾದರೆ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಇಟ್ಟುಕೊಂಡೇ ಬಹಳ ದೂರ ಹೋಗಬಹುದು. ಇದನ್ನು ಕೇಳಿ ಖುಷಿಪಟ್ಟಳು. ನಾನೂ ಖುಷಿಪಟ್ಟೆ. ಆದರೆ ಕಕ್ಷಿದಾರರು ನಮ್ಮ ಅನುಕೂಲ ನೋಡಿಕೊಂಡು ತೊಂದರೆಗೆ ಸಿಗುವುದಿಲ್ಲ. ವೀಸಾ ವಿಷಯಕ್ಕೆ ಬಂದ ಹೆಣ್ಣುಮಗಳು ಗಂಡನಿಂದ ಹೊಡೆತ ತಿನ್ನುತ್ತಿರುತ್ತಾಳೆ, ಅವಳಿಗೆ ರಕ್ಷಣೆಯ ಆದೇಶ ಬೇಕು, ಮಗುವಿನ ಸುಪರ್ದಿ ಬೇಕು. ಅದು ಆ ರಾಜ್ಯದ ಕೋರ್ಟಿನ ಕೆಲಸ. ಅಲ್ಲಿ ನಿಲ್ಲಲು ಆ ರಾಜ್ಯದ ಲೈಸೆನ್ಸ್ ಬೇಕು. ಅಂಥ ಹೊತ್ತಿನಲ್ಲಿ "ಅಮ್ಮ, ಇದು ನನಗೆ ಬರಲ್ಲ, ಬೇರೆಯವರ ಹತ್ತಿರ ಹೋಗು" ಅಂತ ಕಳಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಾನು ಮಾನ್ಯತೆಯ ಪರವಾಗಿ ಇಷ್ಟೆಲ್ಲ ಮಾತಾಡುವುದಕ್ಕೆ ಒಂದು ಕಾರಣ ಇದೆ. ನನ್ನ ಆಫೀಸಿಗೆ ಹಿಂದೊಮ್ಮೆ ಒಬ್ಬ ಹುಡುಗ ಜೂನಿಯರ್ ಆಗಿ ಬಂದ. ಓದು ಚೆನ್ನಾಗಿತ್ತು, ಡ್ರಾಫ್ಟಿಂಗ್ ಕೈ ಅದಕ್ಕಿಂತ ಚೆನ್ನಾಗಿತ್ತು. ಅವನ ಕಾಲೇಜಿಗೆ ವಿಶ್ವವಿದ್ಯಾಲಯದ ಸಂಯೋಜನೆ ಇತ್ತು, ಪರೀಕ್ಷೆ ನಡೆಸಿದ್ದು ವಿಶ್ವವಿದ್ಯಾಲಯವೇ, ಪದವಿ ಕೊಟ್ಟದ್ದೂ ಅದೇ. ಸನ್ನದಿಗೆ, ಅಂದರೆ ವಕೀಲಿಕೆಯ ಲೈಸೆನ್ಸಿಗೆ, ಅರ್ಜಿ ಹಾಕಿದಾಗ ಗೊತ್ತಾಯಿತು, ಅವನು ಓದಿದ ವರ್ಷಗಳಿಗೆ ಭಾರತೀಯ ವಕೀಲರ ಪರಿಷತ್ತಿನ ಒಪ್ಪಿಗೆಯನ್ನು ಕಾಲೇಜು ನವೀಕರಿಸಿಕೊಂಡೇ ಇರಲಿಲ್ಲ. ಮೊದಲ ಬ್ಯಾಚುಗಳಿಗೆ ಇತ್ತು, ಇವನ ಬ್ಯಾಚಿಗೆ ಇಲ್ಲ. ಗೋಡೆಯ ಮೇಲಿದ್ದ ಚೌಕಟ್ಟಿನ ಪತ್ರ ಹಳೆಯದು. ಸೇರುವಾಗ ಇವರ ಮನೆಯವರು ಅದನ್ನು ನೋಡಿ ಸಮಾಧಾನ ಪಟ್ಟುಕೊಂಡಿದ್ದರು.

ಹದಿನಾಲ್ಕು ತಿಂಗಳು. ಅಷ್ಟೂ ದಿನ ಅವನು ಬೆಳಗ್ಗೆ ಒಂಬತ್ತಕ್ಕೆ ಬರುತ್ತಿದ್ದ, ಫೈಲು ಜೋಡಿಸುತ್ತಿದ್ದ, ನನ್ನ ಹಿಂದೆ ಕೋರ್ಟ್ ಹಾಲಿಗೆ ಬರುತ್ತಿದ್ದ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಮುಂದೂಡಿಕೆ ಕೇಳಲೂ ಎದ್ದು ನಿಲ್ಲುವ ಹಾಗಿಲ್ಲ. ವಕಾಲತ್ತಿಗೆ ಸಹಿ ಹಾಕುವ ಹಾಗಿಲ್ಲ. ವಕೀಲರು ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ, ಒಂದು ದಿನ ಪೆನ್ನು ಹುಡುಕುವಾಗ ಅದು ಕೆಳಗೆ ಬಿತ್ತು. ಏನೂ ಹೇಳದೆ ಎತ್ತಿ ಮತ್ತೆ ಒಳಗಿಟ್ಟ. ಕೊನೆಗೆ ಆ ಬ್ಯಾಚಿಗೂ ಸೇರಿಸಿ ಒಪ್ಪಿಗೆ ಬಂತು, ಅವನಿಗೆ ಸನ್ನದು ಸಿಕ್ಕಿತು, ಈಗ ಒಳ್ಳೆಯ ಪ್ರಾಕ್ಟೀಸ್ ಇದೆ. ಆದರೆ ಆ ಹದಿನಾಲ್ಕು ತಿಂಗಳನ್ನು ಯಾರೂ ವಾಪಸು ಕೊಡಲಿಲ್ಲ.

ಭಾರತದ ಪದ್ಧತಿ ಇದು: ಪದವಿ ಕೊಡುವುದು ವಿಶ್ವವಿದ್ಯಾಲಯ, ಆ ಪದವಿಯನ್ನು ಸನ್ನದಿಗೆ ಒಪ್ಪುವುದು ಪರಿಷತ್ತು. 1961ರ ವಕೀಲರ ಕಾಯ್ದೆ ಈ ಅಧಿಕಾರವನ್ನು ಪರಿಷತ್ತಿಗೆ ಕೊಟ್ಟಿದೆ. ಕಾಲೇಜುಗಳು ಹೇಗಿರಬೇಕು ಅನ್ನುವುದು 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿದೆ. ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಓದಿದ ಒಬ್ಬರನ್ನು ಸೇರಿಸಿಕೊಳ್ಳಿ ಅಂತ ಒರಿಸ್ಸಾ ಹೈಕೋರ್ಟು 2012ರಲ್ಲಿ ಹೇಳಿತ್ತು. ಪರಿಷತ್ತು ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು, ಪರಿಷತ್ತು ಒಪ್ಪಿದ ಕಾಲೇಜಿನಲ್ಲೇ ಓದಿರಬೇಕು ಅನ್ನುವ ನಿಯಮ ಸರಿಯಿದೆ ಅಂದಿತು. ಅಲ್ಲಿಗೆ ಭಾರತದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿತು. ದೂರಶಿಕ್ಷಣದಲ್ಲಿ ಮಾಡಿದ ಕಾನೂನು ಪದವಿಗೂ ಇಲ್ಲಿ ಸನ್ನದು ಸಿಗುವುದಿಲ್ಲ. ಅದನ್ನು ತಿಳುವಳಿಕೆಗೆ ಓದಬಹುದು, ಬೇರೆ ಕೆಲಸಕ್ಕೆ ಬಳಸಿಕೊಳ್ಳಬಹುದು, ಕರಿ ಕೋಟಿಗೆ ಆಗದು.

ಇಂಗ್ಲೆಂಡಿನಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಸಾಲಿಸಿಟರ್, ಅಂದರೆ ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ನೋಡುವ ವಕೀಲ, ಆಗಲು 2021ರ ಸೆಪ್ಟೆಂಬರ್‌ನಿಂದ ಹೊಸ ಪದ್ಧತಿ ಬಂದಿದೆ. ಯಾವ ವಿಷಯದಲ್ಲಾದರೂ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಇರಬೇಕು, ಎಸ್‌ಕ್ಯೂಇ ಅನ್ನುವ ಪರೀಕ್ಷೆಯ ಎರಡು ಹಂತ ಪಾಸಾಗಬೇಕು, ಎರಡು ವರ್ಷ ಕೆಲಸದ ಅನುಭವ ತೋರಿಸಬೇಕು, ನಡತೆ ಸರಿಯಿರಬೇಕು. ಕಾನೂನನ್ನೇ ಓದಿರಬೇಕು ಅಂತಿಲ್ಲ, ಯಾವ ಕಾಲೇಜು ಅಂತ ಕೇಳುವ ಮಾತೇ ಇಲ್ಲ. ಬ್ಯಾರಿಸ್ಟರ್, ಅಂದರೆ ಮುಖ್ಯವಾಗಿ ಕೋರ್ಟಿನಲ್ಲಿ ವಾದಿಸುವ ವಕೀಲ, ಆಗುವವರಿಗೆ ಇದು ಅನ್ವಯಿಸುವುದಿಲ್ಲ, ಅವರ ದಾರಿ ಬೇರೆ. ಒಂದೇ ಕೆಲಸ, ಕಕ್ಷಿದಾರನ ಪರವಾಗಿ ಮಾತಾಡುವುದು, ಅದಕ್ಕೆ ಒಂದೊಂದು ದೇಶ ಒಂದೊಂದು ಬಾಗಿಲು ಇಟ್ಟಿದೆ. ಅದಕ್ಕೇ ಮಾನ್ಯತೆ ಮುಖ್ಯವಾ ಅಂತ ಗಾಳಿಯಲ್ಲಿ ಕೇಳಿದರೆ ಉತ್ತರವೇ ಇಲ್ಲ. ಎಲ್ಲಿಗೆ ಅಂತ ಸೇರಿಸಿ ಕೇಳಬೇಕು.

ಮೂರನೇ ಭಾನುವಾರ ಅವಳು ಸ್ವಲ್ಪ ಕೋಪದಲ್ಲೇ ಕೇಳಿದಳು. "ಹಾಗಾದ್ರೆ ಲಿಂಕನ್ ಯಾವ ಕಾಲೇಜಿಗೆ ಹೋಗಿದ್ರು ಚಿಕ್ಕಮ್ಮ?"

ಹೋಗಿರಲಿಲ್ಲ. ಪುಸ್ತಕ ಎರವಲು ತಂದು ಓದಿ, 1836ರಲ್ಲಿ ಲೈಸೆನ್ಸ್ ತೆಗೆದುಕೊಂಡರು. ಅಷ್ಟು ಹಿಂದೆ ಹೋಗುವುದೂ ಬೇಡ. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅಮೆರಿಕದ ಪರವಾಗಿ ನಾಜಿ ನಾಯಕರ ಮೇಲೆ ಕೇಸು ನಡೆಸಿದ ರಾಬರ್ಟ್ ಜಾಕ್ಸನ್, ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ವಕೀಲರಾದಾಗ ಅವರ ಹತ್ತಿರ ಕಾನೂನು ಪದವಿ ಇರಲಿಲ್ಲ. ವಕೀಲರ ಆಫೀಸಿನಲ್ಲಿ ಕೆಲಸ ಕಲಿತು, ಒಂದು ವರ್ಷ ಆಲ್ಬನಿಯ ಲಾ ಸ್ಕೂಲಿಗೆ ಹೋಗಿದ್ದರು ಅಷ್ಟೇ. ಇವತ್ತಿಗೂ ಕ್ಯಾಲಿಫೋರ್ನಿಯಾ, ವರ್ಮಾಂಟ್, ವರ್ಜೀನಿಯಾ, ವಾಷಿಂಗ್ಟನ್ ಈ ನಾಲ್ಕು ರಾಜ್ಯಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತದೆ ವಕೀಲರ ಕೈಕೆಳಗೆ ಓದಿ ಪರೀಕ್ಷೆ ಬರೆಯಬಹುದು.

ಅವಳ ಕೋಪದಲ್ಲಿ ಸತ್ಯ ಇದೆ. ಮಾನ್ಯತೆಯ ಇತಿಹಾಸ ಪೂರ್ತಿ ಶುದ್ಧ ಅಲ್ಲ. 1921ರಲ್ಲಿ ಎಬಿಎ ಮಾನದಂಡ ಹಾಕಿದಾಗ ರಾತ್ರಿ ಶಾಲೆಗಳ ಬಗ್ಗೆ ದೊಡ್ಡ ವಕೀಲರಲ್ಲಿ ಅಸಮಾಧಾನ ಇತ್ತು. ಆ ರಾತ್ರಿ ಶಾಲೆಗಳಲ್ಲಿ ಓದುತ್ತಿದ್ದವರು ಯಾರು? ಹಗಲು ದುಡಿಯುವವರು, ವಲಸೆ ಬಂದವರ ಮಕ್ಕಳು. ಆ ಕಾಲದಲ್ಲಿ ಎಬಿಎ ಕಪ್ಪು ವಕೀಲರನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ, ಅವರು 1925ರಲ್ಲಿ ನ್ಯಾಷನಲ್ ಬಾರ್ ಅಸೋಸಿಯೇಷನ್ ಅಂತ ತಮ್ಮದೇ ಸಂಘ ಕಟ್ಟಿಕೊಂಡರು. ಗುಣಮಟ್ಟ ಅನ್ನುವ ಮಾತಿನ ಹಿಂದೆ ಯಾರನ್ನು ಹೊರಗಿಡಬೇಕು ಅನ್ನುವ ಲೆಕ್ಕವೂ ಕೂತಿರುತ್ತದೆ. ಇದನ್ನು ಮರೆಯಬಾರದು.

1995ರಲ್ಲಿ ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯೇ ಎಬಿಎ ಮೇಲೆ ಕೇಸು ಹಾಕಿತ್ತು. ಮಾನ್ಯತೆಯನ್ನು ಬಳಸಿಕೊಂಡು ಪ್ರಾಧ್ಯಾಪಕರ ಸಂಬಳ, ಸೌಲಭ್ಯ ಏರಿಸುತ್ತಿದ್ದಾರೆ, ಸ್ಪರ್ಧೆಗೆ ಅಡ್ಡ ಬರುತ್ತಿದ್ದಾರೆ ಅನ್ನುವುದು ಆರೋಪ. 1996ರಲ್ಲಿ ರಾಜಿಯ ಆದೇಶ ಆಯಿತು, ಎಬಿಎ ತನ್ನ ಪದ್ಧತಿ ತಿದ್ದಿಕೊಳ್ಳಬೇಕಾಯಿತು. ಸಂಬಳ ಏರಿದರೆ ಕೊಡುವವರು ಯಾರು? ವಿದ್ಯಾರ್ಥಿಗಳೇ ಅಲ್ವಾ? ಮ್ಯಾಸಚೂಸೆಟ್ಸ್ ಸ್ಕೂಲ್ ಆಫ್ ಲಾ ಅಂತ ಒಂದಿದೆ, 1988ರಲ್ಲಿ ಶುರುವಾದದ್ದು. ಕೆಲಸ ಮಾಡುತ್ತಾ ಓದುವವರಿಗೆ ಕಡಿಮೆ ಖರ್ಚಿನಲ್ಲಿ ಕಲಿಸಬೇಕು ಅಂತ ಹೊರಟ ಶಾಲೆ. ಎಬಿಎ ಮಾನ್ಯತೆ ಸಿಗಲಿಲ್ಲ, 1993ರಲ್ಲಿ ಅವರೂ ಎಬಿಎ ಮೇಲೆ ಕೇಸು ಹಾಕಿದರು, ಗೆಲ್ಲಲಿಲ್ಲ. ಆದರೂ ಅಲ್ಲಿ ಓದಿದವರು ಮ್ಯಾಸಚೂಸೆಟ್ಸ್‌ನಲ್ಲಿ ಪರೀಕ್ಷೆ ಬರೆದು ವಕೀಲರಾಗುತ್ತಿದ್ದಾರೆ. ಅಂಥ ಶಾಲೆಗಳ ಬಗ್ಗೆ ನನಗೆ ಗೌರವ ಇದೆ.

ಈಗ ಗಾಳಿ ಸ್ವಲ್ಪ ಬದಲಾಗುತ್ತಿದೆ ಕೂಡ. 2024ರಿಂದ ಇಂಡಿಯಾನಾ ರಾಜ್ಯ ಎಬಿಎ ಒಪ್ಪದ ಕಾಲೇಜಿನವರಿಗೂ ಅನುಮತಿ ಪಡೆದು ಪರೀಕ್ಷೆ ಬರೆಯುವ ದಾರಿ ತೆರೆದಿದೆ. 2025ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು, ಯಾವ ಕಾಲೇಜನ್ನು ಒಪ್ಪಬೇಕು ಅನ್ನುವುದರಲ್ಲಿ ಎಬಿಎ ಮಾತೇ ಕೊನೆಯ ಮಾತಾಗಬಾರದು ಅನ್ನುವ ನಿಲುವಿಗೆ ಬಂತು. ಆದರೆ ಇಂಥ ಸುದ್ದಿ ನೋಡಿ ಫೀಸು ಕಟ್ಟಬೇಡಿ ಅಂತ ಅಕ್ಕನ ಮಗಳಿಗೂ ಹೇಳಿದೆ, ನಿಮಗೂ ಹೇಳುತ್ತೇನೆ. ಒಂದು ರಾಜ್ಯ ಬದಲಾದರೆ ಪಕ್ಕದ್ದು ಬದಲಾಗುತ್ತದೆ ಅಂತಿಲ್ಲ.

ಇನ್ನು ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಎಬಿಎ ಮಾನ್ಯತೆ ಇದೆ ಅಂದ ತಕ್ಷಣ ಕಣ್ಣುಮುಚ್ಚಿ ಸೇರುವವರು. ಶಾರ್ಲೆಟ್ ಸ್ಕೂಲ್ ಆಫ್ ಲಾ ಅಂತ ನಾರ್ತ್ ಕ್ಯಾರೊಲೈನಾದಲ್ಲಿ ಇತ್ತು, 2006ರಲ್ಲಿ ಶುರುವಾದದ್ದು, ಲಾಭಕ್ಕೆ ನಡೆಯುತ್ತಿದ್ದ ಸಂಸ್ಥೆ. ಎಬಿಎ ಮಾನ್ಯತೆಯೂ ಇತ್ತು. 2016ರ ನವೆಂಬರ್‌ನಲ್ಲಿ ಎಬಿಎ ಅದನ್ನು ಎಚ್ಚರಿಕೆಯ ಪಟ್ಟಿಗೆ ಹಾಕಿತು. ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಲ್ಲಿನ ವಿದ್ಯಾರ್ಥಿಗಳಿಗೆ ಕೊಡುವ ಸಾಲ ನಿಲ್ಲಿಸಿತು. 2017ರ ಆಗಸ್ಟ್ ಹೊತ್ತಿಗೆ ಕಾಲೇಜೇ ಮುಚ್ಚಿತು. ಮಧ್ಯದಲ್ಲಿದ್ದ ಮಕ್ಕಳ ಪಾಡು ಯೋಚಿಸಿ. ಸಾಲ ತಲೆಯ ಮೇಲಿದೆ, ಪದವಿ ಕೈಯಲ್ಲಿಲ್ಲ. ಅದನ್ನು ನಡೆಸುತ್ತಿದ್ದ ಕಂಪನಿಯ ಇನ್ನೆರಡು ಲಾ ಸ್ಕೂಲುಗಳೂ ಆಮೇಲೆ ಮುಚ್ಚಿದವು.

ಮಾನ್ಯತೆ ಇದ್ದರೆ ಬಾಗಿಲು ತೆರೆದಿರುತ್ತದೆ, ಅಷ್ಟೇ ಅದರ ಕೆಲಸ. ಒಳಗೆ ಪಾಠ ಹೇಗಿದೆ ಅಂತ ನಾವೇ ನೋಡಬೇಕು. ಅದಕ್ಕೆ ನಾನು ಅವಳಿಗೆ ಒಂದು ಸಂಖ್ಯೆ ನೋಡು ಅಂದೆ, ಬಾರ್ ಪರೀಕ್ಷೆಯಲ್ಲಿ ಆ ಕಾಲೇಜಿನವರು ಎಷ್ಟು ಜನ ಪಾಸಾಗಿದ್ದಾರೆ ಅನ್ನುವುದು. ಎಬಿಎ ರೂಲಿನಲ್ಲಿ, ಪರೀಕ್ಷೆ ಬರೆದ ಪದವೀಧರರಲ್ಲಿ ಶೇ. 75ರಷ್ಟು ಜನ ಎರಡು ವರ್ಷದೊಳಗೆ ಪಾಸಾಗಿರಬೇಕು. ಕ್ಯಾಲಿಫೋರ್ನಿಯಾ ತಾನೇ ಮಾನ್ಯತೆ ಕೊಡುವ ಕಾಲೇಜುಗಳಿಗೆ ಇಟ್ಟಿರುವ ಗೆರೆ ಐದು ವರ್ಷದ ಲೆಕ್ಕದಲ್ಲಿ ಶೇ. 40. ಎರಡೂ ಕಾಲೇಜಿನ ಕಾಗದದಲ್ಲಿ ಮಾನ್ಯತೆ ಇದೆ ಅಂತಲೇ ಬರೆದಿರುತ್ತದೆ, ನೋಡಿ. ಯಾರ ಮಾನ್ಯತೆ, ಅವರ ಗೆರೆ ಎಲ್ಲಿದೆ ಅಂತ ಕೇಳದಿದ್ದರೆ ಆ ಪದದಿಂದ ಏನೂ ತಿಳಿಯುವುದಿಲ್ಲ.

ಆನ್‌ಲೈನ್ ಬೇಕು ಅನ್ನುವುದೇ ಅವಳ ಮುಖ್ಯ ಕಷ್ಟ ಆಗಿತ್ತು. ಎಬಿಎ ಅಂದರೆ ಹಗಲು ಕ್ಲಾಸು, ಕೆಲಸ ಬಿಡಬೇಕು ಅಂತ ಅಂದುಕೊಂಡಿದ್ದಳು. ಹಿಂದೆ ಬಹುಮಟ್ಟಿಗೆ ಹಾಗೇ ಇತ್ತು. ಈಗಿಲ್ಲ. ಟೆಕ್ಸಾಸ್‌ನ ಸೇಂಟ್ ಮೇರೀಸ್ ವಿಶ್ವವಿದ್ಯಾಲಯ 2022ರಲ್ಲಿ ಎಬಿಎ ಒಪ್ಪಿಗೆಯೊಂದಿಗೇ ಪೂರ್ತಿ ಆನ್‌ಲೈನ್ ಕಾನೂನು ಪದವಿ ಶುರು ಮಾಡಿತು. ಅರ್ಧ ಆನ್‌ಲೈನ್, ವಾರಾಂತ್ಯಕ್ಕೆ ಮಾತ್ರ ಕಾಲೇಜು, ನಾಲ್ಕು ವರ್ಷ, ಹೀಗೆ ನಡೆಸುವ ಎಬಿಎ ಕಾಲೇಜುಗಳು ಈಗ ಹಲವು ಇವೆ. ಇದು ಅವಳಿಗೆ ಗೊತ್ತೇ ಇರಲಿಲ್ಲ. ಎರಡು ದಾರಿ ಮಾತ್ರ ಇದೆ ಅಂತ ತಿಳಿದು ಅದರಲ್ಲಿ ಸುಲಭದ್ದನ್ನು ಹಿಡಿಯಲು ಹೊರಟಿದ್ದಳು. ಫೀಸು ಜಾಸ್ತಿ ಇದೆ, ಅದು ನಿಜ. ಅದನ್ನು ನಾನು ಮುಚ್ಚಿಡಲಿಲ್ಲ. ಸ್ಕಾಲರ್‌ಶಿಪ್‌ಗೆ ಎಲ್‌ಸ್ಯಾಟ್ ಅಂಕ, ಅಂದರೆ ಲಾ ಸ್ಕೂಲಿನ ಪ್ರವೇಶ ಪರೀಕ್ಷೆಯ ಅಂಕ, ಬಹಳ ಮುಖ್ಯ, ಅಲ್ಲಿ ಕಷ್ಟಪಟ್ಟರೆ ಇಲ್ಲಿ ಹಗುರ ಆಗುತ್ತದೆ ಅಂದೆ.

ಭಾರತದಲ್ಲಿ ಎಲ್‌ಎಲ್‌ಬಿ ಓದಿ ಆಮೇಲೆ ಅಮೆರಿಕಕ್ಕೆ ಹೋಗಬೇಕು ಅಂತ ಇರುವವರಿಗೂ ಒಂದು ಮಾತು, ಯಾಕೆಂದರೆ ಈ ಪ್ರಶ್ನೆ ನನಗೆ ಬಹಳ ಬರುತ್ತದೆ. ನ್ಯೂಯಾರ್ಕ್ ಹೊರದೇಶದ ಕಾನೂನು ಪದವೀಧರರಿಗೆ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತದೆ. ಓದಿನ ಅವಧಿ ಅಥವಾ ವಿಷಯದಲ್ಲಿ ಕೊರತೆ ಇದ್ದರೆ ಎಬಿಎ ಒಪ್ಪಿದ ಕಾಲೇಜಿನಲ್ಲಿ 24 ಕ್ರೆಡಿಟ್‌ನ ಎಲ್‌ಎಲ್‌ಎಂ ಮಾಡಿ ತುಂಬಿಕೊಳ್ಳಬಹುದು. ಆದರೆ ಅವರು ಮೊದಲು ನೋಡುವುದು, ನೀವು ಓದಿದ ಕಾಲೇಜನ್ನು ನಿಮ್ಮ ದೇಶದಲ್ಲೇ ಒಪ್ಪಿದ್ದಾರಾ ಅಂತ. ಅಂದರೆ ಸೇರುವ ದಿನ ಆ ಗೋಡೆಯ ಮೇಲಿನ ಪತ್ರದ ವರ್ಷ ನೋಡದೇ ಹೋದರೆ ಅದು ಸಮುದ್ರ ದಾಟಿದ ಮೇಲೂ ಹಿಂದೆ ಬರುತ್ತದೆ.

ನಾಲ್ಕನೇ ಭಾನುವಾರ ನಾವು ಮಾಡಿದ್ದು ಇಷ್ಟೇ. ಡಿಸಿ ಮತ್ತು ವರ್ಜೀನಿಯಾದ ಬಾರ್ ಪ್ರವೇಶ ಕಚೇರಿಗಳಿಗೆ ಅವಳ ಕೈಯಲ್ಲೇ ಒಂದೊಂದು ಇಮೇಲ್ ಬರೆಸಿದೆ. ಇಂಥ ಕಾಲೇಜು, ಇಂಥ ಕೋರ್ಸು, ಇಂಥ ವರ್ಷ ಮುಗಿಸುತ್ತೇನೆ, ನಿಮ್ಮಲ್ಲಿ ಪರೀಕ್ಷೆಗೆ ಕೂರಬಹುದಾ, ಬರಹದಲ್ಲಿ ತಿಳಿಸಿ ಅಂತ. ಕಾಲೇಜಿನ ಪ್ರವೇಶ ವಿಭಾಗದವರನ್ನು ಕೇಳಿದರೆ ಸಾಲದಾ ಅಂದಳು. ಅವರು ಒಳ್ಳೆಯವರೇ ಇರಬಹುದು, ಆದರೆ ಲೈಸೆನ್ಸ್ ಕೊಡುವುದು ಅವರಲ್ಲ. ಕೊಡುವವರನ್ನೇ ಕೇಳಬೇಕು, ಬರಹದಲ್ಲೇ ಕೇಳಬೇಕು, ಬಂದ ಉತ್ತರವನ್ನು ಎತ್ತಿಡಬೇಕು.

ಎರಡು ಕಚೇರಿಯಿಂದಲೂ ಉತ್ತರ ಬಂತು, ನಾವು ಓದಿಕೊಂಡಿದ್ದಂತೆಯೇ ಇತ್ತು. ಅವಳು ಸಂಜೆ ಕಾಲೇಜಿನ ಅರ್ಜಿಯನ್ನು ಸದ್ಯಕ್ಕೆ ನಿಲ್ಲಿಸಿದ್ದಾಳೆ. ಅರ್ಧ ಆನ್‌ಲೈನ್ ನಡೆಸುವ ಮೂರು ಎಬಿಎ ಕಾಲೇಜುಗಳ ಪಟ್ಟಿ ಮಾಡಿಕೊಂಡಿದ್ದಾಳೆ, ಎಲ್‌ಸ್ಯಾಟ್‌ಗೆ ಹೆಸರು ಕೊಟ್ಟಿದ್ದಾಳೆ. ನಿನ್ನೆ ವಿಡಿಯೋ ಕಾಲ್‌ನಲ್ಲಿ ಗೆಳತಿಯಿಂದ ತಂದ ದಪ್ಪ ಪುಸ್ತಕ ತೋರಿಸಿದಳು, ಅರ್ಧ ಪುಸ್ತಕದ ತುಂಬಾ ಯಾರ ಪಕ್ಕ ಯಾರು ಕೂತಿದ್ದಾರೆ ಅನ್ನುವ ಲಾಜಿಕ್ ಗೇಮ್ಸ್. ಎರಡು ವಾರದಿಂದ ಅದನ್ನೇ ಬಿಡಿಸುತ್ತಿದ್ದಳಂತೆ. ಆ ಭಾಗವನ್ನು 2024ರ ಆಗಸ್ಟ್‌ನಿಂದ ಪರೀಕ್ಷೆಯಿಂದಲೇ ತೆಗೆದಿದ್ದಾರೆ ಕಣೇ ಅಂದೆ. ಪುಸ್ತಕ ಮುಚ್ಚಿ ಮಗುವಿನ ಕೈಗೆ ಬಣ್ಣ ಹಚ್ಚಲು ಕೊಟ್ಟು, ಹೊಸ ಆವೃತ್ತಿ ಆರ್ಡರ್ ಮಾಡಲು ಕೂತಳು.